ತಲೆಗೆಷ್ಟು, ಕೋಣೆಗೆಷ್ಟು: ಇಬ್ಬರು ಕಡಿಮೆ ಖರ್ಚಿನಲ್ಲಿ ರೋಮ್‌ನಿಂದ ಅಥೆನ್ಸ್‌ವರೆಗೆ

ಯುರೋಪನ್ನು ಅಗ್ಗವಾಗಿ ಸುತ್ತುವ ಬಗ್ಗೆ ಸಿಗುವ ಸಲಹೆ ಬಹುಮಟ್ಟಿಗೆ ಒಂಟಿಯಾಗಿ ಹೊರಟವರಿಗೆ ಹೇಳಿದ್ದು. ಡಾರ್ಮಿಟರಿಯಲ್ಲಿ ಮಲಗು, ರೈಲ್ ಪಾಸ್ ತಗೋ, ದಿನಕ್ಕೊಂದು ಊರು ನೋಡು ಅಂತ. ಗಂಡ ಹೆಂಡತಿ ಇಬ್ಬರು ಹೊರಟರೆ ಈ ಮೂರೂ ದುಬಾರಿ ಬಾಬತ್ತು. ಡಾರ್ಮಿಟರಿ ಹಾಸಿಗೆ ಒಬ್ಬರಿಗೆ 30 ಯೂರೋ ಅಂದರೆ ಇಬ್ಬರಿಗೆ 60 ಆಯಿತು. ನೇಪಲ್ಸ್, ಬಾರಿ, ಅಥೆನ್ಸ್ ಊರುಗಳಲ್ಲಿ ಸೀಸನ್ ತಪ್ಪಿಸಿ ಹೋದರೆ ಅಷ್ಟೇ ದುಡ್ಡಿಗೆ, ಕೆಲವು ಸಲ ಅದಕ್ಕಿಂತ ಕಡಿಮೆಗೆ, ಮೂಲೆಯಲ್ಲೊಂದು ಒಲೆ ಇರುವ ಸ್ವಂತ ರೂಮೇ ಸಿಗುತ್ತದೆ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಖರ್ಚನ್ನು ಎರಡು ಪಾಲು ಮಾಡಿ. ವಿಮಾನ, ವೀಸಾ, ರೈಲು, ಹಡಗು, ನೋಡುವ ಜಾಗಗಳ ಟಿಕೆಟ್, ಇಟಲಿಯ ಪ್ರವಾಸಿ ತೆರಿಗೆ ಇವೆಲ್ಲ ತಲೆಗೆ ಬೀಳುತ್ತವೆ. ಬಾಡಿಗೆ, ಅಡುಗೆ, ಬಟ್ಟೆ ಒಗೆತ, ಮೊಬೈಲ್ ಡೇಟಾ, ಗ್ರೀಸ್‌ನ ತೆರಿಗೆ ಇವು ಕೋಣೆಗೆ ಬೀಳುತ್ತವೆ. ಮೊದಲನೆಯದು ಇಬ್ಬರಾದ ತಕ್ಷಣ ದುಪ್ಪಟ್ಟು, ಎರಡನೆಯದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತೆರಿಗೆಯನ್ನೇ ನೋಡಿ. ರೋಮ್‌ನಲ್ಲಿ ಗೆಸ್ಟ್‌ಹೌಸಿಗೆ ಒಬ್ಬರಿಗೆ ರಾತ್ರಿಗೆ 6 ಯೂರೋ, ಅಂದರೆ ನಾಲ್ಕು ರಾತ್ರಿಗೆ ಇಬ್ಬರಿಂದ 48 ಯೂರೋ ಬುಕಿಂಗ್ ದರದ ಮೇಲೆ ಪ್ರತ್ಯೇಕ ಹೋಗುತ್ತದೆ. ಗ್ರೀಸ್‌ನಲ್ಲಿ ಅದೇ ತೆರಿಗೆ ಕೋಣೆಗೆ ಇಷ್ಟು ಅಂತ ಲೆಕ್ಕ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು, ಎರಡು ಸ್ಟಾರ್ ಹೋಟೆಲಿಗೆ 2 ಯೂರೋ, ಬಾಡಿಗೆ ಅಪಾರ್ಟ್‌ಮೆಂಟಿಗೆ 8 ಯೂರೋ. ಇಟಲಿಯಲ್ಲಿ ಅಪಾರ್ಟ್‌ಮೆಂಟ್, ಗ್ರೀಸ್‌ನಲ್ಲಿ ಸಣ್ಣ ಹೋಟೆಲ್ ಅನ್ನುವ ನಮ್ಮ ಒಲವಿಗೆ ಇದೂ ಒಂದು ಕಾರಣ.

ಉಳಿತಾಯ ಬೇಕಾದರೆ ಹೊಟ್ಟೆ ಕಟ್ಟಬೇಡಿ, ಓಡಾಟ ಕಡಿಮೆ ಮಾಡಿ. ಒಂದು ಊರಲ್ಲಿ ಮೂರು ನಾಲ್ಕು ರಾತ್ರಿ ಕೂತರೆ ಟಿಕೆಟ್ ದುಡ್ಡು ಉಳಿಯುತ್ತದೆ, ಕೊಂಡ ಅಕ್ಕಿ ಎಣ್ಣೆ ಖಾಲಿಯಾಗುತ್ತದೆ, ಬಟ್ಟೆ ಒಣಗುತ್ತದೆ. ಇಪ್ಪತ್ತು ರಾತ್ರಿಗೆ ಐದಾರು ಊರು ಸಾಕು.

ಈ ಲೆಕ್ಕಕ್ಕೆ ಹೊಂದುವ ದಾರಿ ಇದು: ರೋಮ್, ನೇಪಲ್ಸ್, ಬಾರಿ ಮೇಲೆ ಗುಹೆ ಮನೆಗಳ ಊರು ಮಟೇರಾ, ವಾಪಸು ಬಾರಿ, ಅಲ್ಲಿಂದ ರಾತ್ರಿ ಹಡಗಿನಲ್ಲಿ ಗ್ರೀಸ್‌ನ ಇಗುಮೆನಿತ್ಸಾ, ಬಂಡೆಗಳ ಮೇಲೆ ಮಠಗಳಿರುವ ಮೆಟಿಯೋರಾ, ಅಥೆನ್ಸ್, ಮನಸ್ಸಿದ್ದರೆ ಒಂದು ದ್ವೀಪ. ರೋಮ್‌ಗೆ ಇಳಿದು ಅಥೆನ್ಸ್‌ನಿಂದ ಹತ್ತಬೇಕು. ಬುಕಿಂಗ್ ತಾಣಗಳಲ್ಲಿ ‘ಮಲ್ಟಿ ಸಿಟಿ’ ಅಂತ ಹಾಕಿದರೆ ಸಾಮಾನ್ಯವಾಗಿ ಹೋಗಿಬರುವ ಟಿಕೆಟಿನ ಆಸುಪಾಸಿನ ದರವೇ ಬರುತ್ತದೆ. ಎರಡು ಬಿಡಿ ಟಿಕೆಟ್ ತೆಗೆದರೆ ಮಾತ್ರ ದರ ಏರುತ್ತದೆ. ಬೆಂಗಳೂರಿನಿಂದ ಗಲ್ಫ್ ಮೂಲಕ ಒಂದು ನಿಲುಗಡೆಯ ವಿಮಾನಗಳು ಎರಡೂ ಊರಿಗೆ ಸಿಗುತ್ತವೆ. ದಾವಣಗೆರೆಯಿಂದ ಕಾರಲ್ಲಿ ಹೋಗುವವರು ಬೆಂಗಳೂರು ಊರೊಳಗೆ ಹೋಗಬೇಕಿಲ್ಲ. ಹೆದ್ದಾರಿ 48ರಲ್ಲಿ ಚಿತ್ರದುರ್ಗ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ವಿಮಾನ ನಿಲ್ದಾಣ ಸೇರಬಹುದು.

ಸ್ಪೇನ್, ಪೋರ್ಚುಗಲ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತಲ್ಲ. ಲಿಸ್ಬನ್‌ಗೂ ಮ್ಯಾಡ್ರಿಡ್‌ಗೂ ನಡುವೆ ಇದ್ದ ರಾತ್ರಿ ರೈಲು 2020ರಲ್ಲಿ ನಿಂತುಹೋಯಿತು, ಹಾಗಾಗಿ ಈಗ ಅಲ್ಲಿ ನೇರ ರೈಲಿಲ್ಲ, ಗಡಿ ದಾಟಲು ಬಸ್ಸೇ ಸಲೀಸು. ತರಕಾರಿ ಅಂತ ಕೇಳಿ ತರಿಸಿದ ತಟ್ಟೆಯಲ್ಲೂ ಹ್ಯಾಮ್ ಚೂರು ಇರುವ ಸಂಭವ ಸ್ಪೇನ್‌ನಲ್ಲಿ ಹೆಚ್ಚು. ಮಾಂಸ ತಿನ್ನುವವರಿಗೆ ಆ ತಕರಾರಿಲ್ಲ.

ಕಾಲ ಯಾವುದು? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ. ದಾವಣಗೆರೆ ಬಿಸಿಲು ಕಂಡವರಿಗೆ ಅಲ್ಲಿಯ ಬಿಸಿಲೇನು ಮಹಾ ಅನ್ನಬೇಡಿ. ಜುಲೈ ಆಗಸ್ಟ್‌ನಲ್ಲಿ ಅಥೆನ್ಸ್ 40 ಡಿಗ್ರಿ ಮುಟ್ಟುತ್ತದೆ, ನೋಡುವ ಜಾಗವೆಲ್ಲ ನೆರಳಿಲ್ಲದ ಬಿಳಿ ಕಲ್ಲು, ಬಿಸಿಗಾಳಿ ಜಾಸ್ತಿಯಾದ ದಿನ ಗುಡ್ಡದ ಮೇಲಿನ ಹಳೇ ದೇವಾಲಯಗಳ ಕೋಟೆ ಆಕ್ರೊಪೊಲಿಸ್ ಅನ್ನು ಮಧ್ಯಾಹ್ನ ಮುಚ್ಚಿಯೇ ಬಿಡುತ್ತಾರೆ. ಗ್ರೀಕರ ಈಸ್ಟರ್ ಬೇರೆ, ಇಟಲಿಯ ಈಸ್ಟರ್ ಬೇರೆ. 2027ರಲ್ಲಿ ಇಟಲಿಯದು ಮಾರ್ಚ್ 28, ಗ್ರೀಸ್‌ನದು ಮೇ 2. ಆ ವಾರ ಅಥೆನ್ಸ್‌ನವರೆಲ್ಲ ಊರಿಗೆ ಹೊರಡುತ್ತಾರೆ, ಹಡಗು ಬಸ್ಸು ಎಲ್ಲ ಭರ್ತಿ.

ವೀಸಾ

ಇಟಲಿ, ಗ್ರೀಸ್ ಎರಡೂ ಷೆಂಗೆನ್ ಅನ್ನುವ ಯುರೋಪ್ ದೇಶಗಳ ಕೂಟದ ಒಳಗಿವೆ, ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ಎರಡೂ ಕಡೆ ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ದಾರಿಯಲ್ಲಿ ಇಟಲಿಗೆ ಒಂದೆರಡು ರಾತ್ರಿ ಜಾಸ್ತಿ ಇಟ್ಟರೆ ಗೊಂದಲವಿಲ್ಲ. ಇಟಲಿಯ ಅರ್ಜಿಯನ್ನು ಬೆಂಗಳೂರಿನ ವಿಎಫ್‌ಎಸ್ ಅನ್ನುವ ವೀಸಾ ಅರ್ಜಿ ಕೇಂದ್ರದಲ್ಲಿ ಕೊಡುತ್ತೀರಿ, ಬೆರಳಚ್ಚಿಗೆ ಇಬ್ಬರೂ ಖುದ್ದು ಹೋಗಬೇಕು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಶುಲ್ಕ ದೊಡ್ಡವರಿಗೆ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ತೀರ್ಮಾನಕ್ಕೆ 15 ದಿನ ಅಂತ ನಿಯಮ, ಎಳೆದರೆ 45 ದಿನದವರೆಗೂ ಹೋಗಬಹುದು. ಅಪಾಯಿಂಟ್‌ಮೆಂಟ್ ಸಿಗುವುದೇ ಬೇಸಿಗೆಯಲ್ಲಿ ಕಷ್ಟ, ಆದ್ದರಿಂದ ಮೂರು ನಾಲ್ಕು ತಿಂಗಳು ಮೊದಲೇ ದಿನ ಹಿಡಿಯಿರಿ. ಪಾಸ್‌ಪೋರ್ಟ್ ವಾಪಸು ಹೊರಡುವ ದಿನದಿಂದ ಮೂರು ತಿಂಗಳು ಮುಂದಕ್ಕೆ ಚಾಲ್ತಿಯಲ್ಲಿರಬೇಕು, ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋ ಚಿಕಿತ್ಸೆಗೆ, ಇಡೀ ಷೆಂಗೆನ್‌ಗೆ ಅನ್ವಯಿಸುವಂತೆ.

ಅರ್ಜಿ ಬೀಳುವುದು ಸಾಮಾನ್ಯವಾಗಿ ಹಣದ ದಾಖಲೆಯಲ್ಲಿ. ಅರ್ಜಿಗೆ ಒಂದು ವಾರ ಮೊದಲು ಯಾರಿಂದಲೋ ತಂದು ಖಾತೆಗೆ ಹಾಕಿದ ಮೂರು ಲಕ್ಷ ಎದ್ದು ಕಾಣುತ್ತದೆ. ಅದಕ್ಕಿಂತ ಆರು ತಿಂಗಳು ಸಮನಾಗಿ ಓಡಾಡಿದ ಎರಡೂವರೆ ಲಕ್ಷದ ಖಾತೆ ಮೇಲು. ಸಂಬಳದವರಿಗೆ ಸಂಬಳ ಚೀಟಿ, ರಜೆ ಪತ್ರ, ಐಟಿ ರಿಟರ್ನ್ ಸಾಕು. ನಮ್ಮ ಕಡೆ ಅಂಗಡಿ, ಮಂಡಿ, ತೋಟದವರು ಹೆಚ್ಚು. ವ್ಯಾಪಾರಸ್ಥರು ಜಿಎಸ್‌ಟಿ ನೋಂದಣಿ, ರಿಟರ್ನ್‌ಗಳನ್ನು ಇಡಬೇಕು. ಚನ್ನಗಿರಿ ಹೊನ್ನಾಳಿ ಕಡೆಯ ಬೆಳೆಗಾರರು ಪಹಣಿ ಜೊತೆಗೆ ಅಡಿಕೆ ಮಾರಿದ ಪಟ್ಟಿಗಳು, ಆ ದುಡ್ಡು ಬ್ಯಾಂಕಿಗೆ ಬಂದ ಸಾಲು, ಲೆಕ್ಕ ಪರಿಶೋಧಕರ ಪತ್ರ ಜೋಡಿಸಬೇಕು. ಕನ್ನಡದ ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿ. ಹೆಂಡತಿಗೆ ಸ್ವಂತ ಆದಾಯವಿಲ್ಲದಿದ್ದರೆ ಖರ್ಚು ಗಂಡನದು ಅನ್ನುವ ಪತ್ರದ ಜೊತೆ ಮದುವೆ ನೋಂದಣಿ ಪತ್ರ ಬೇಕು. ಛತ್ರದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಬಿಟ್ಟವರು ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿ ಕೆಲಸ ಮುಗಿಸಿಕೊಳ್ಳಲಿ.

ಇನ್ನೊಂದು ಹೆಸರಿನ ತಾಪತ್ರಯ. ನಮ್ಮ ಹೆಸರುಗಳಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದದ್ದಿರುತ್ತದೆ, ಬ್ಯಾಂಕಿನಲ್ಲಿ ಅಕ್ಷರ ಮಾತ್ರ, ಮದುವೆ ಪತ್ರದಲ್ಲಿ ಮತ್ತೊಂದು. ವ್ಯತ್ಯಾಸವಿದ್ದರೆ ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಅಫಿಡವಿಟ್ ಒಂದನ್ನು ಅರ್ಜಿಯ ಜೊತೆಗಿಡಿ. ವಿಮಾನ, ಹಡಗು, ರೋಮ್‌ನ ಪುರಾತನ ಅಖಾಡ ಕೊಲೊಸಿಯಂ ಇವುಗಳ ಟಿಕೆಟುಗಳೆಲ್ಲ ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ವಿಮಾನ ಟಿಕೆಟ್ ಮೊದಲೇ ದುಡ್ಡು ಕೊಟ್ಟು ಕೊಳ್ಳಬೇಡಿ, ಕಾಯ್ದಿರಿಸಿದ ಪ್ರತಿ ಇಟ್ಟರೆ ಆಗುತ್ತದೆ. ರೂಮುಗಳನ್ನೂ ರದ್ದು ಮಾಡಬಹುದಾದ ದರದಲ್ಲಿ ಹಿಡಿಯಿರಿ. ವೀಸಾ ಕೈಗೆ ಬಂದಾಗ ‘ಎಷ್ಟು ಪ್ರವೇಶ’ ಅನ್ನುವ ಸಾಲು ನೋಡಿ. ಅಲ್ಲಿ 1 ಅಂತಿದ್ದರೆ ನಡುವೆ ಅಲ್ಬೇನಿಯಾ ಕಡೆ ಒಂದು ಸುತ್ತು ಹೋಗಿಬರೋಣ ಅನ್ನುವ ಆಸೆ ಬಿಡಬೇಕು. ಷೆಂಗೆನ್‌ನಿಂದ ಹೊರಗೆ ಕಾಲಿಟ್ಟರೆ ಆ ವೀಸಾ ಅಲ್ಲಿಗೆ ಮುಗಿಯಿತು.

ಬೆನ್ನ ಮೇಲಿನದು

ಒಬ್ಬರಿಗೆ 40 ಲೀಟರಿನ ಒಂದು ಚೀಲ, ತೂಕ 8 ಕಿಲೋ ಒಳಗೆ. ಗಾಲಿ ಸೂಟ್‌ಕೇಸ್ ಬೇಡ ಅನ್ನುವುದಕ್ಕೆ ಫ್ಯಾಷನ್ ಕಾರಣವಲ್ಲ. ರೋಮ್, ನೇಪಲ್ಸ್ ಬೀದಿಗಳಲ್ಲಿ ಹಾಸಿರುವುದು ಕಪ್ಪು ಕಲ್ಲಿನ ತುಂಡುಗಳು, ಸಂದಿಗೆ ಗಾಲಿ ಸಿಕ್ಕಿ ಮುರಿಯುತ್ತದೆ. ಮಟೇರಾದ ಹಳೇ ಊರೆಂದರೆ ಬರೀ ಮೆಟ್ಟಿಲು. ಚೀಲದ ತೂಕವನ್ನು ಸೊಂಟದ ಪಟ್ಟಿ ಹೊರಬೇಕು, ಭುಜದ ಪಟ್ಟಿ ಬೀಳದಂತೆ ಹಿಡಿದರೆ ಸಾಕು. ಪಟ್ಟಿ ಹೊಕ್ಕುಳ ಮಟ್ಟದಲ್ಲಿ ಕಟ್ಟಿದರೆ ಕೆಲಸಕ್ಕೆ ಬಾರದು, ಸೊಂಟದ ಮೂಳೆಯ ಮೇಲೆ ಕೂರಬೇಕು. ಪರೀಕ್ಷೆಗೆ ದುಬಾರಿ ಜಾಗ ಬೇಕಿಲ್ಲ. ಪೂರ್ತಿ ತುಂಬಿದ ಚೀಲ, ಅಲ್ಲಿಗೆ ಹಾಕುವ ಅದೇ ಬೂಟು, ಒಂದು ಬೆಳಿಗ್ಗೆ ಚಿತ್ರದುರ್ಗದ ಕೋಟೆ ಹತ್ತಿ ಇಳಿಯಿರಿ. ಇಳಿಯುವಾಗ ಬೆರಳು ಬೂಟಿನ ಮೂತಿಗೆ ತಾಗಿದರೆ ಅರ್ಧ ಸೈಜು ದೊಡ್ಡದು ಬೇಕು ಅಂತ ಅರ್ಥ. ಹಿಮ್ಮಡಿ ಕೆಂಪಾದರೆ ಹೊರಡಲು ಇನ್ನೂ ತಿಂಗಳಿರುವಾಗಲೇ ಗೊತ್ತಾಯಿತಲ್ಲ.

ಇಬ್ಬರಾದ ಲಾಭ ಇಲ್ಲೂ ಇದೆ. ಚಾರ್ಜರ್, ಔಷಧಿ ಡಬ್ಬಿ, ಸೋಪು, ಬೀಗ, ಸೂಜಿ ದಾರ ಎಲ್ಲ ಒಂದೊಂದೇ. ಬಟ್ಟೆ ಮಾತ್ರ ಅರ್ಧರ್ಧ ಅದಲುಬದಲು ಮಾಡಿ ಇಬ್ಬರ ಚೀಲದಲ್ಲೂ ಇಡಿ, ವಿಮಾನದಲ್ಲಿ ಒಂದು ಚೀಲ ತಡವಾದರೂ ಇಬ್ಬರಿಗೂ ಬದಲಿಸಲು ಇರುತ್ತದೆ. ಮೂರು ಜೊತೆ ಬಟ್ಟೆ ಸಾಕು. ಸೆಲ್ಫ್ ಸರ್ವಿಸ್ ಲಾಂಡ್ರಿಯಲ್ಲಿ ಎಂಟು ಕಿಲೋ ಮಷಿನ್ ಇಬ್ಬರ ಬಟ್ಟೆಯನ್ನೂ ಒಟ್ಟಿಗೆ ನುಂಗುತ್ತದೆ. ತೆಳು ಹತ್ತಿಯ ಪಂಚೆ ಒಂದು ಇರಲಿ. ಟವೆಲ್ಲಾಗುತ್ತದೆ, ಹಡಗಿನಲ್ಲಿ ಹೊದಿಕೆಯಾಗುತ್ತದೆ, ಮೆಟಿಯೋರಾದಲ್ಲಿ ಪ್ಯಾಂಟಿನ ಮೇಲೆ ಸುತ್ತಿಕೊಂಡರೆ ಲಂಗವೂ ಆಗುತ್ತದೆ. ನಮ್ಮ ಎರಡು ದುಂಡು ಕಡ್ಡಿಯ ಮೊಬೈಲ್ ಚಾರ್ಜರ್ ಅಲ್ಲಿಯ ಸಾಕೆಟ್ಟಿಗೆ ಹೋಗುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಕರೆಂಟು 230 ವೋಲ್ಟೇ.

ತಿಂಡಿ ವಿಷಯಕ್ಕೆ ಬಂದರೆ ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಬೆಣ್ಣೆ, ಹಾಲಿನ ಪುಡಿ ಎಲ್ಲ ಅದರಲ್ಲೇ ಬಂತು. ಬೆಣ್ಣೆ ದೋಸೆ ಊರಿನವರಿಗೆ ಕಷ್ಟದ ಮಾತೇ, ಆದರೆ ತುಪ್ಪದ ಡಬ್ಬಿ ಸಿಕ್ಕರೆ ಕಸ್ಟಮ್ಸ್‌ನವರು ಎಸೆಯುತ್ತಾರೆ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪತ್ರ ಕೇಳುತ್ತಾರೆ. ಬಾಳೆ, ತೆಂಗು, ಖರ್ಜೂರ, ಅನಾನಸ್, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಒಯ್ಯಬೇಕಾದ್ದು ಒಂದು ಕಿಲೋ ಅವಲಕ್ಕಿ, ಅರ್ಧ ಕಿಲೋ ಶೇಂಗಾ ಚಟ್ನಿಪುಡಿ, ಇನ್ನೂರು ಗ್ರಾಂ ಸಾರಿನ ಪುಡಿ, ಒಂದು ಸಣ್ಣ ಪೊಟ್ಟಣ ಸಾಸಿವೆ, ಇಂಗು. ಖಾರದ ಪುಡಿಗಳನ್ನು ಕ್ಯಾಬಿನ್ ಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್‌ಗೆ ಹಾಕಿ. ಒಣಕೊಬ್ಬರಿ ಗಿಟಕು ಬೇಡವೇ ಬೇಡ, ಎಣ್ಣೆ ಅಂಶದಿಂದ ಬೆಂಕಿ ಹಿಡಿಯುವ ಸರಕು ಅಂತ ವಿಮಾನದಲ್ಲಿ ನಿರ್ಬಂಧವಿದೆ. ಖಡಕ್ ರೊಟ್ಟಿ ಗಟ್ಟಿ ಡಬ್ಬಿಯಲ್ಲಿ ಇಟ್ಟರೆ ಉಳಿಯುತ್ತದೆ, ಇಲ್ಲದಿದ್ದರೆ ರೋಮ್‌ನಲ್ಲಿ ಚೂರಿನ ಉಪ್ಪಿಟ್ಟು ಮಾಡಬೇಕಾದೀತು. ಮಂಡಕ್ಕಿ ಬಿಟ್ಟುಬಿಡಿ, ತೂಕವಿಲ್ಲದಿದ್ದರೂ ಅರ್ಧ ಚೀಲ ಅದೇ ತಿನ್ನುತ್ತದೆ.

ದುಡ್ಡು

ಯೂರೋಗೆ ನೂರು ರೂಪಾಯಿ ಅಂತ ಅಂಗಡಿಯಲ್ಲಿ ಮನಸ್ಸಿನಲ್ಲೇ ಗುಣಿಸಿದರೆ ಸಾಕು, ಯೋಜನೆಗೆ ಮಾತ್ರ 105 ಇಟ್ಟುಕೊಳ್ಳಿ. ಇಬ್ಬರಿಗೆ ಸೇರಿ ದಿನಕ್ಕೆ ರೂಮು 55, ಊಟ ತಿಂಡಿ 28 ಯೂರೋ. ಇಪ್ಪತ್ತು ದಿನಕ್ಕೆ 1,660. ಒಳಗಿನ ಓಡಾಟ, ಹಡಗು ಸೇರಿ 450, ಪ್ರವೇಶ ಟಿಕೆಟ್ 200, ತೆರಿಗೆ, ಲಾಂಡ್ರಿ, ಸಿಮ್ 150. ಒಟ್ಟು 2,460 ಯೂರೋ, ಅಂದರೆ 2 ಲಕ್ಷ 58 ಸಾವಿರ ರೂಪಾಯಿ. ವಿಮಾನಕ್ಕೆ ತಲೆಗೆ 65 ಸಾವಿರದಂತೆ, ವೀಸಾ ವಿಮೆಗೆ ತಲೆಗೆ 13 ಸಾವಿರದಂತೆ ಸೇರಿಸಿದರೆ ನಾಲ್ಕು ಲಕ್ಷ ಹದಿನೈದು ಸಾವಿರದ ಹತ್ತಿರ. ಇದರಲ್ಲಿ ದ್ವೀಪ ಸೇರಿಲ್ಲ, ದಿನಾ ಹೋಟೆಲ್ ಊಟವೂ ಸೇರಿಲ್ಲ.

ಕಾರ್ಡು ಇಬ್ಬರ ಹೆಸರಲ್ಲೂ, ಬೇರೆ ಬೇರೆ ಬ್ಯಾಂಕಿನದು ಇರಲಿ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ‘ಅಂತರರಾಷ್ಟ್ರೀಯ ಬಳಕೆ’ ಚಾಲೂ ಮಾಡಿ. ಅದು ತಾನಾಗಿ ಚಾಲೂ ಇರುವುದಿಲ್ಲ. ಒಟಿಪಿ ಬರಲು ನಮ್ಮ ಸಿಮ್‌ಗೂ ರೋಮಿಂಗ್ ಹಾಕಿಸಿಕೊಳ್ಳಿ. ಅಂಗಡಿ ಯಂತ್ರ, ಎಟಿಎಂ ಎರಡೂ ‘ಯೂರೋದಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ’ ಅಂತ ಕೇಳುತ್ತವೆ. ಯಾವಾಗಲೂ ಯೂರೋ ಒತ್ತಬೇಕು. ರೂಪಾಯಿ ಒತ್ತಿದರೆ ಪರಿವರ್ತನೆ ದರವನ್ನು ಆ ಯಂತ್ರದವರೇ ತಮಗೆ ಬೇಕಾದಂತೆ ಹಾಕುತ್ತಾರೆ, ನೂರಕ್ಕೆ ಐದಾರು ಹೋಗುವುದು ಮಾಮೂಲು. ಪ್ರವಾಸಿ ಬೀದಿಯ ಗೋಡೆಯಲ್ಲಿ ಒಂಟಿಯಾಗಿ ನಿಂತ ಎಟಿಎಂ ಬಿಟ್ಟು ಬ್ಯಾಂಕ್ ಶಾಖೆಯದನ್ನೇ ಹುಡುಕಿ. ರೋಮ್‌ನ ಮೆಟ್ರೋ, ಬಸ್ಸಿನಲ್ಲಿ ಕಾರ್ಡು ತಾಗಿಸಿ ಹೋಗಬಹುದು, ಆದರೆ ಒಂದು ಕಾರ್ಡಿಗೆ ಒಬ್ಬರೇ. ಇಬ್ಬರಿಗೆ ಒಂದೇ ಕಾರ್ಡು ಎರಡು ಸಲ ತಾಗಿಸಿದರೆ ಒಬ್ಬರು ಟಿಕೆಟಿಲ್ಲದವರೇ. 1.50 ಯೂರೋದ ಆ ಟಿಕೆಟ್ 100 ನಿಮಿಷ ನಡೆಯುತ್ತದೆ.

ಡೇಟಾ ಸಿಮ್ ಒಂದೇ ಸಾಕು, ಇನ್ನೊಂದು ಫೋನಿಗೆ ಹಾಟ್‌ಸ್ಪಾಟ್ ಕೊಡಿ. ಇಟಲಿಯಲ್ಲಿ ಕೊಂಡ ಸಿಮ್ ಗ್ರೀಸ್‌ನಲ್ಲೂ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ನಡೆಯುತ್ತದೆ, 2017ರಿಂದ ಒಕ್ಕೂಟದ ನಿಯಮ ಹಾಗಿದೆ. ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಬೇಕು.

ಇಟಲಿ

ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ರೋಮ್‌ನ ಮುಖ್ಯ ರೈಲು ನಿಲ್ದಾಣ ಟೆರ್ಮಿನಿಗೆ ನೇರ ಹೋಗುವ ಲಿಯೊನಾರ್ಡೊ ರೈಲಿಗೆ ತಲೆಗೆ 14 ಯೂರೋ. ವಿಮಾನ ನಿಲ್ದಾಣದಿಂದಲೇ ಹೊರಡುವ ಎಫ್‌ಎಲ್1 ಲೋಕಲ್ ರೈಲಿಗೆ 8. ಅದು ಟೆರ್ಮಿನಿಗೆ ಹೋಗುವುದಿಲ್ಲ, ತ್ರಾಸ್ತೆವೆರೆ, ಓಸ್ತಿಯೆನ್ಸೆ, ತಿಬುರ್ತಿನಾ ಕಡೆ ಹೋಗುತ್ತದೆ. ರೂಮನ್ನು ಆ ಸಾಲಿನಲ್ಲೇ ಹಿಡಿದರೆ 12 ಯೂರೋ ಅಲ್ಲಿಗೇ ಉಳಿಯಿತು.

ಇಟಲಿಯ ರೈಲಿನಲ್ಲಿ ಎರಡು ಜಾತಿ. ಫ್ರೆಚ್ಚಾರೊಸ್ಸಾ, ಇತಾಲೊ ವೇಗದ ರೈಲುಗಳ ದರ ವಿಮಾನದಂತೆ ಏರಿಳಿಯುತ್ತದೆ, ಎರಡು ತಿಂಗಳು ಮೊದಲೇ ಕೊಂಡರೆ ಅಗ್ಗ. ‘ರೆಜಿಯೊನಾಲೆ’ ಅನ್ನುವ ಪ್ಯಾಸೆಂಜರ್ ರೈಲಿಗೆ ದೂರದ ಮೇಲೆ ನಿಗದಿ ದರ, ಹತ್ತು ನಿಮಿಷ ಮೊದಲು ಕೊಂಡರೂ ಅಷ್ಟೇ. ರೋಮ್‌ನಿಂದ ನೇಪಲ್ಸ್‌ಗೆ ವೇಗದ್ದರಲ್ಲಿ ಒಂದು ಗಂಟೆ ಚಿಲ್ಲರೆ, ಪ್ಯಾಸೆಂಜರ್‌ನಲ್ಲಿ ಎರಡೂವರೆ ಮೂರು ಗಂಟೆ, ದರ ತಲೆಗೆ ಸುಮಾರು 13 ಯೂರೋ. ದಂಡ ಬೀಳುವ ಜಾಗ ಇದೇ. ಕಾಗದದ ರೆಜಿಯೊನಾಲೆ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಸಣ್ಣ ಯಂತ್ರಕ್ಕೆ ತೂರಿಸಿ ಮೊಹರು ಒತ್ತಿಸಬೇಕು, ಮೊಬೈಲಿನ ಟಿಕೆಟ್ಟಾದರೆ ‘ಚೆಕ್-ಇನ್’ ಒತ್ತಬೇಕು. ದುಡ್ಡು ಕೊಟ್ಟಿದ್ದೇವಲ್ಲ ಅನ್ನುವ ವಾದ ಟಿಸಿ ಹತ್ತಿರ ನಡೆಯುವುದಿಲ್ಲ. ಯುರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯೂರೈಲ್ ಪಾಸ್ ಈ ದಾರಿಗೆ ನಷ್ಟ. ವೇಗದ ರೈಲಿಗೆ ಪಾಸ್ ಇದ್ದರೂ ಸೀಟಿನ ದುಡ್ಡು ಪ್ರತ್ಯೇಕ, ಉಳಿದ ಟಿಕೆಟುಗಳು ಮೊದಲೇ ಅಗ್ಗ.

ಮುಷ್ಕರಕ್ಕೆ ಅಲ್ಲಿ ‘ಶೋಪೆರೊ’ ಅನ್ನುತ್ತಾರೆ, ಮೊದಲೇ ದಿನಾಂಕ ಸಾರಿ ಮಾಡುತ್ತಾರೆ. ಕೆಲಸದ ದಿನ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ಯಾಸೆಂಜರ್ ರೈಲುಗಳು ಓಡಲೇಬೇಕೆಂಬ ಖಾತ್ರಿ ಇದೆ. ಆ ಹೊತ್ತಿಗೆ ಪ್ರಯಾಣ ಹೊಂದಿಸಿಕೊಂಡರೆ ಸಿಕ್ಕಿಬೀಳುವುದಿಲ್ಲ.

ಕೊಲೊಸಿಯಂ ಟಿಕೆಟ್ 18 ಯೂರೋ, 30 ದಿನ ಮೊದಲು ಅಧಿಕೃತ ತಾಣದಲ್ಲಿ ತೆರೆಯುತ್ತದೆ, ಹೆಸರಿನ ಮೇಲೆ ಕೊಡುತ್ತಾರೆ. ಸರ್ಕಾರದ ಮ್ಯೂಸಿಯಂ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೇಯಂಥ ಜಾಗಗಳಿಗೆ ತಿಂಗಳ ಮೊದಲ ಭಾನುವಾರ ಪುಕ್ಕಟೆ. ಪಾಂಪೇಯಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿದ್ದಾರೆ, ಪುಕ್ಕಟೆ ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ನೇಪಲ್ಸ್‌ನಿಂದ ಚಿರ್ಕುಮ್‌ವೆಸುವಿಯಾನಾ ಲೋಕಲ್ ಹತ್ತಿ ‘ಪಾಂಪೇ ಸ್ಕಾವಿ’ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ದ್ವಾರ. ಆ ರೈಲಿನಲ್ಲಿ ಚೀಲ ಎದೆಗೆ ಹಾಕಿಕೊಳ್ಳಿ, ಜೇಬುಗಳ್ಳರ ಮೆಚ್ಚಿನ ಮಾರ್ಗ.

ನೀರಿಗೆ ದುಡ್ಡು ಕೊಡಬೇಕಿಲ್ಲ. ರೋಮ್‌ನ ಬೀದಿಗಳಲ್ಲಿ ‘ನಾಸೋನೆ’ ಅನ್ನುವ ಕಬ್ಬಿಣದ ನಲ್ಲಿಗಳು ಸದಾ ಹರಿಯುತ್ತವೆ, ಕುಡಿಯುವ ನೀರೇ. ನಲ್ಲಿಯ ಬಾಯಿಯನ್ನು ಬೆರಳಿಂದ ಮುಚ್ಚಿದರೆ ಕೊಳವೆಯ ಮೇಲಿನ ತೂತಿನಿಂದ ಚಿಮ್ಮುತ್ತದೆ. ಕಾಫಿ ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಬಹಳ ಕಡೆ ಊಟಕ್ಕೆ ಕೂತ ತಕ್ಷಣ ತಲೆಗೊಂದಿಷ್ಟು ‘ಕೊಪೆರ್ತೊ’ ಬಿಲ್ಲಿಗೆ ಸೇರುತ್ತದೆ, ಮೋಸವಲ್ಲ, ಪದ್ಧತಿ. ಇದೂ ತಲೆ ಲೆಕ್ಕವೇ. ತೂಕಕ್ಕೆ ಕತ್ತರಿಸಿ ಕೊಡುವ ಪಿಜ್ಜಾ ಅಂಗಡಿಯಲ್ಲಿ ಅದಿಲ್ಲ, ‘ಎತ್ತೊ’ ಅಂದರೆ ನೂರು ಗ್ರಾಂ.

ಶುದ್ಧ ಸಸ್ಯಾಹಾರಿಗಳು ಚೀಸ್ ವಿಷಯ ತಿಳಿದಿರಬೇಕು. ಪಾರ್ಮಿಜಾನೊ, ಪೆಕೊರಿನೊ ರೊಮಾನೊ, ಗ್ರಾನಾ ಪಡಾನೊ ಇವನ್ನು ಹೆಪ್ಪು ಹಾಕುವುದು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬೇಡ ಅನ್ನುವವರಿಗೆ ಪಿಜ್ಜಾ ಮರಿನಾರಾ ಸರಿ, ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ಸೂಪಿನಲ್ಲಿ ‘ಬ್ರೊದೊ’ ಅಂದರೆ ಬಹುಶಃ ಮಾಂಸದ ಸಾರು, ರೊಟ್ಟಿ ಬಿಸ್ಕತ್ತಿನಲ್ಲಿ ‘ಸ್ತ್ರುತ್ತೊ’ ಅಂದರೆ ಹಂದಿ ಕೊಬ್ಬು, ‘ಅಚ್ಚುಗೆ’ ಅಂದರೆ ಮೀನು. ಬಾರಿ ಕಡೆ ಸೊಪ್ಪಿನ ಪಾಸ್ತಾದಲ್ಲಿ ಈ ಸಣ್ಣ ಮೀನು ಕರಗಿ ಕಾಣದಂತಿರುತ್ತದೆ, ಕೇಳಿಯೇ ತರಿಸಿ. ಅದೇ ಕಡೆಯ ‘ಫಾವೆ ಎ ಚಿಕೋರಿಯಾ’ ಮಾತ್ರ ಕಣ್ಣುಮುಚ್ಚಿ ತಿನ್ನಬಹುದು, ಒಣ ಅವರೆಯಂಥ ಕಾಳನ್ನು ನುಣ್ಣಗೆ ಬೇಯಿಸಿ ಕಹಿ ಸೊಪ್ಪಿನ ಜೊತೆ ಕೊಡುತ್ತಾರೆ. ಚಟ್ನಿಪುಡಿ ಉದುರಿಸಿದರೆ ಊಟ ಮುಗಿದಂತೆ.

ರೂಮಿನಲ್ಲಿ ಅಡುಗೆಗೆ ಡಬ್ಬಿಯ ಕಡಲೆಕಾಳು, ಚನ್ನಂಗಿ ಬೇಳೆ ಒಂದು ಯೂರೋ ಒಳಗೆ ಸಿಗುತ್ತವೆ. ಬೆಂದಿರುವುದರಿಂದ ಕುಕ್ಕರ್ ಬೇಕಿಲ್ಲ, ಒಗ್ಗರಣೆ ಹಾಕಿ ಸಾರಿನ ಪುಡಿ ಬಿದ್ದರೆ ಹತ್ತು ನಿಮಿಷದ ಕೆಲಸ. ಒಂದು ಎಚ್ಚರ: ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಮೂರೇ ಕಿಲೋವ್ಯಾಟ್ ಕರೆಂಟು. ಎಲೆಕ್ಟ್ರಿಕ್ ಒಲೆ, ಕೆಟಲ್, ಎಸಿ ಒಟ್ಟಿಗೆ ಹಾಕಿದರೆ ಮೇನ್ ಬೀಳುತ್ತದೆ, ಮೇಲೆತ್ತುವ ಸ್ವಿಚ್ ಕೆಲವು ಕಡೆ ಕೆಳಗಿನ ಮೀಟರ್ ಪೆಟ್ಟಿಗೆಯಲ್ಲಿರುತ್ತದೆ.

ನೇಪಲ್ಸ್‌ನಿಂದ ಬಾರಿಗೆ ಬಸ್ಸೇ ಸರಳ, ಮೂರೂವರೆ ಗಂಟೆ ಹತ್ತಿರ. ರೈಲಾದರೆ ಕಸೆರ್ತಾದಲ್ಲಿ ಬದಲಿಸಬೇಕಾಗಬಹುದು. ಮಟೇರಾಗೆ ಹೋಗಲು ಮೊದಲು ಬಾರಿ ತಲುಪಿ. ಬಾರಿ ಸೆಂಟ್ರಲ್ ಪಕ್ಕದ ಬೇರೆ ಕಟ್ಟಡದಿಂದ ಎಫ್‌ಎಎಲ್ ಅನ್ನುವ ನ್ಯಾರೋಗೇಜ್ ರೈಲು ಹೋಗುತ್ತದೆ. ಭಾನುವಾರದ ವೇಳಾಪಟ್ಟಿ ಬೇರೆ, ನೋಡಿಕೊಂಡೇ ಹೊರಡಿ. 1950ರ ದಶಕದಲ್ಲಿ ಜನರನ್ನು ಎಬ್ಬಿಸಿ ಖಾಲಿ ಮಾಡಿಸಿದ ಗುಹೆ ಮನೆಗಳೇ ಇವತ್ತು ಅಲ್ಲಿಯ ದುಬಾರಿ ಹೋಟೆಲುಗಳು. ಮೇಲಿನ ಹೊಸ ಊರಲ್ಲಿ ರೂಮು ಹಿಡಿದು ಕೆಳಗೆ ನಡೆದು ನೋಡುವುದು ಲಾಭ.

ಹಡಗು, ಗ್ರೀಸ್

ಬಾರಿಯಿಂದ ಸಂಜೆ ಹೊರಟ ಹಡಗು ಬೆಳಗಿನ ಜಾವ ಇಗುಮೆನಿತ್ಸಾ ಮುಟ್ಟಿ, ಮಧ್ಯಾಹ್ನದ ಹೊತ್ತಿಗೆ ಪಾತ್ರಾಸ್ ಸೇರುತ್ತದೆ. ಡೆಕ್ ಟಿಕೆಟ್ ಎಲ್ಲಕ್ಕಿಂತ ಅಗ್ಗ, ಅದರ ಮೇಲೆ ಸ್ವಲ್ಪ ಕೊಟ್ಟರೆ ಒರಗುವ ಸೀಟು. ಕ್ಯಾಬಿನ್‌ಗೆ ಇಬ್ಬರಿಗೆ ಕೊಡುವ ದುಡ್ಡಿನಲ್ಲಿ ಅಥೆನ್ಸ್‌ನಲ್ಲಿ ಎರಡು ರಾತ್ರಿ ಕಳೆಯಬಹುದು, ಸೀಟೇ ಸಾಕು ಅನ್ನುವುದು ನಮ್ಮ ಮತ. ಒಳಗೆ ಎಸಿ ಕೊರೆಯುತ್ತದೆ, ಪಂಚೆ, ಸ್ವೆಟರ್, ಕಾಲುಚೀಲ ಚೀಲದಲ್ಲಿ ಮೇಲೆಯೇ ಇರಲಿ. ಬಂದರಿಗೆ ಎರಡು ಗಂಟೆ ಮೊದಲು ಹೋಗಿ ಕೌಂಟರಿನಲ್ಲಿ ಬೋರ್ಡಿಂಗ್ ಕಾರ್ಡು ತಗೊಳ್ಳಿ. ಬಂದರು ದೊಡ್ಡದು, ದ್ವಾರದಿಂದ ಹಡಗಿನ ತನಕ ಬಸ್ಸಿದೆ. ಹಡಗಿನ ಊಟ ದುಬಾರಿ, ಬಾರಿಯ ಫೊಕಾಚ್ಚಾ ರೊಟ್ಟಿ ಕಟ್ಟಿಸಿಕೊಂಡು ಹೋಗಿ. ಗ್ರೀಸ್ ಒಂದು ಗಂಟೆ ಮುಂದಿದೆ, ಗಡಿಯಾರ ತಿರುಗಿಸಿ. ಬಾರಿಯಿಂದ ವಿಮಾನ ಹಿಡಿದು ಹಾರುವವರಿಗೆ ಒಂದು ಮಾತು: ರಯನೇರ್ ಅನ್ನುವ ಅಗ್ಗದ ವಿಮಾನ ಸಂಸ್ಥೆಯಲ್ಲಿ ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಇಲ್ಲದವರು ಸೆಕ್ಯುರಿಟಿಗೆ ಮುಂಚೆ ಡೆಸ್ಕ್‌ಗೆ ಹೋಗಿ ದಾಖಲೆ ತೋರಿಸಿಕೊಳ್ಳಬೇಕು. ನೇರ ಗೇಟಿಗೆ ಹೋದರೆ ವಾಪಸು ಕಳಿಸುತ್ತಾರೆ.

ಇಗುಮೆನಿತ್ಸಾದಿಂದ ‘ಕೆಟೆಲ್’ ಬಸ್ಸಿನಲ್ಲಿ ಇಯೋನಿನಾ, ಅಲ್ಲಿಂದ ಕಲಂಬಾಕಾ. ಎರಡನೇ ಬಸ್ಸು ದಿನಕ್ಕೆ ಬೆರಳೆಣಿಕೆಯಷ್ಟೇ, ಇಯೋನಿನಾದಲ್ಲಿ ಇಳಿದ ಕೂಡಲೇ ಟಿಕೆಟ್ ತೆಗೆಯಿರಿ. ಕಲಂಬಾಕಾದ ಮೇಲೆ ಮೆಟಿಯೋರಾದ ಬಂಡೆಗಳು, ನೆತ್ತಿಯಲ್ಲಿ ಈಗಲೂ ಸನ್ಯಾಸಿಗಳಿರುವ ಆರು ಮಠ. ಬಂಡೆ ಹತ್ತುವುದನ್ನು ಚಿತ್ರದುರ್ಗದವರಿಗೆ ಹೇಳಿಕೊಡಬೇಕಿಲ್ಲ, ಆದರೆ ಇದು ಉಂಡೆಗಲ್ಲುಗಳು ಅಂಟಿಕೊಂಡು ಆದ ಬಂಡೆ, ಮಳೆ ಬಿದ್ದರೆ ಕಾಲುದಾರಿ ಜಾರುತ್ತದೆ. ಒಂದೊಂದು ಮಠಕ್ಕೆ ವಾರದಲ್ಲಿ ಒಂದೊಂದು ದಿನ ರಜೆ, ಹಾಗಾಗಿ ಎರಡು ರಾತ್ರಿ ಉಳಿದರೆ ಮುಖ್ಯವಾದವು ತಪ್ಪುವುದಿಲ್ಲ. ಟಿಕೆಟ್ ಪ್ರತಿ ಮಠಕ್ಕೂ ಬೇರೆ, ತಲೆಗೂ ಬೇರೆ. ಎರಡು ಒಳಗೆ ನೋಡಿ, ಉಳಿದದ್ದು ಹೊರಗಿನಿಂದ ಚಂದ. ಹೆಂಗಸರಿಗೆ ಉದ್ದ ಲಂಗ, ಗಂಡಸರಿಗೆ ಪೂರ್ತಿ ಪ್ಯಾಂಟು ಕಡ್ಡಾಯ.

ಊಟಕ್ಕೆ ಗ್ರೀಸ್ ನಮ್ಮವರಿಗೆ ಹೊಂದುತ್ತದೆ. ‘ನಿಸ್ತೀಸಿಮೊ’ ಅಂತ ಕೇಳಿ, ಅವರ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತವೆ, ಅದನ್ನೊಂದು ಕೇಳಿಕೊಳ್ಳಬೇಕು. ‘ಫಾವಾ’ ನಮ್ಮ ತೊವ್ವೆಯ ಅಣ್ಣ, ‘ಗಿಗಾಂದೆಸ್’ ದೊಡ್ಡ ಅವರೆಯಂಥ ಕಾಳಿನ ಟೊಮ್ಯಾಟೊ ಪಲ್ಯ, ‘ಬ್ರಿಯಾಮ್’ ಬೇಯಿಸಿದ ತರಕಾರಿ. ಬೇಕರಿಯ ಪಾಲಕ್ ಪೈ ಎರಡು ಮೂರು ಯೂರೋಗೆ ಹೊಟ್ಟೆ ತುಂಬಿಸುತ್ತದೆ. ವಾರದ ಬೀದಿ ಸಂತೆಗೆ ‘ಲಾಯ್ಕಿ’ ಅನ್ನುತ್ತಾರೆ, ಮಧ್ಯಾಹ್ನ ಮುಚ್ಚುವ ಹೊತ್ತಿಗೆ ಹೋದರೆ ದರ ಇಳಿದಿರುತ್ತದೆ. ಶೌಚಾಲಯದಲ್ಲಿ ಕಾಗದವನ್ನು ಕಮೋಡಿಗೆ ಹಾಕದೆ ಪಕ್ಕದ ಡಬ್ಬಿಗೆ ಹಾಕಬೇಕು, ಕೊಳವೆಗಳು ಸಣ್ಣವು.

ಅಥೆನ್ಸ್‌ನ ಆಕ್ರೊಪೊಲಿಸ್ ಟಿಕೆಟ್ 2025ರ ಏಪ್ರಿಲ್‌ನಿಂದ ತಲೆಗೆ 30 ಯೂರೋ, ಗಂಟೆ ನಿಗದಿ. ಮೊದಲಿದ್ದ ಹಲವು ಜಾಗ ಸೇರಿದ ಒಟ್ಟು ಟಿಕೆಟ್ ನಿಲ್ಲಿಸಿದ್ದಾರೆ. ಅಕ್ಟೋಬರ್ 28, ಮಾರ್ಚ್ 6, ನವೆಂಬರ್‌ನಿಂದ ಮಾರ್ಚ್‌ವರೆಗಿನ ಮೊದಲ ಭಾನುವಾರ ಪುಕ್ಕಟೆ. ಅಕ್ಟೋಬರ್ ಕೊನೆಗೆ ಹೋಗುವವರು ದಾರಿಯನ್ನೇ 28ಕ್ಕೆ ಹೊಂದಿಸಿದರೆ ಇಬ್ಬರಿಗೆ 60 ಯೂರೋ, ಒಂದು ರಾತ್ರಿಯ ಬಾಡಿಗೆ ಉಳಿಯಿತು.

ದ್ವೀಪ ಬೇಕೆಂದರೆ ಸಾಂತೊರಿನಿ ಬಿಟ್ಟು ನಾಕ್ಸೊಸ್ ನೋಡಿ. ಪಿರೇಯಸ್ ಬಂದರಿನಿಂದ ಸಾಮಾನ್ಯ ಹಡಗಿನಲ್ಲಿ ಐದೂವರೆ ಗಂಟೆ. ವೇಗದ ಕ್ಯಾಟಮರಾನ್ ದರ ಸುಮಾರು ದುಪ್ಪಟ್ಟು, ಅಲೆಗೆ ಹೆಚ್ಚು ಕುಣಿಯುತ್ತದೆ, ಗಾಳಿ ಎದ್ದ ದಿನ ಮೊದಲು ನಿಲ್ಲುವುದೂ ಅದೇ. ಅಥೆನ್ಸ್‌ನಲ್ಲಿ ನಲ್ಲಿ ನೀರು ಕುಡಿಯಬಹುದು, ಎಷ್ಟೋ ದ್ವೀಪಗಳಲ್ಲಿ ಆಗುವುದಿಲ್ಲ. ಗಾಳಿ ಜೋರಾದರೆ, ಇಲ್ಲವೇ ಹಡಗಿನವರ ಮುಷ್ಕರವಾದರೆ ಬಂದರೇ ಬಂದ್, ಟಿಕೆಟ್ ದುಡ್ಡು ವಾಪಸು ಬರುತ್ತದೆ, ತಪ್ಪಿಹೋದ ವಿಮಾನದ ದುಡ್ಡು ಬರುವುದಿಲ್ಲ. ಮೇ 1ರಂದು ಹಡಗು ಸಿಗುತ್ತದೆ ಅಂತ ನಂಬಲೇಬೇಡಿ. ವಾಪಸು ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರಬೇಕು, ಗಾಳಿ ಕಾಲದಲ್ಲಿ ಎರಡು ರಾತ್ರಿ. ವಿಮಾನ ನಿಲ್ದಾಣಕ್ಕೆ ಮೆಟ್ರೋ ತಲೆಗೆ 9 ಯೂರೋ, ಸಿಂಟಾಗ್ಮಾ ಚೌಕದಿಂದ ಎಕ್ಸ್95 ಬಸ್ಸು 5.50. ಮೆಟ್ರೋ ರಾತ್ರಿ ನಿಲ್ಲುತ್ತದೆ, ಬಸ್ಸು ಇಪ್ಪತ್ನಾಲ್ಕು ಗಂಟೆಯೂ ಇದೆ. ಬೆಳಗಿನ ಜಾವದ ವಿಮಾನವಿದ್ದರೆ ಟಿಕೆಟನ್ನು ಹಿಂದಿನ ಸಂಜೆಯೇ ಕೊಂಡಿಟ್ಟುಕೊಳ್ಳಿ, ಹತ್ತಿದ ಮೇಲೆ ಯಂತ್ರಕ್ಕೆ ತಾಗಿಸಿ.